ಪಿಎಸ್‌ಟೂ ಲೆನ್ಸ್ ಕೊನೇ ಉಸಿರು ಎಳೀತಿದೆ, ರಿಪೇರಿ ಮಾಡ್ಸಲಾ ಇಲ್ಲ ಬಿಟ್ಬಿಡ್ಲಾ?

ಬೈಟೂ_ಕಾಫಿ, ಶ್ರೀನಗರ, ಬೆಂಗಳೂರು

ಎಲ್ರಿಗೂ ನಮಸ್ಕಾರ ಗುರುಗಳೇ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ಬರೀಲೇಬೇಕಾಗಿ ಬಂದಿದೆ.

ನಮ್ಮನೇಲಿ ಒಂದು ಪಿಎಸ್‌ಟೂ ಸ್ಲಿಮ್ ಇದೆ, ಅದೇ ಟೀವಿಗೆ ಹಾಕಿ ಗೇಮ್ ಆಡೋ ಸೋನಿ ಪ್ಲೇಸ್ಟೇಷನ್ 2, 2007ರದ್ದು, ಮುಚ್ಚಳ ಎತ್ತಿ ಸಿಡಿ ಹಾಕೋ ಥರದ್ದು. ಹೋದ ತಿಂಗಳು ಅಟ್ಟ ಕ್ಲೀನ್ ಮಾಡ್ಬೇಕಾದ್ರೆ ಹಿತ್ತಾಳೆ ಪಾತ್ರೆ ಚೀಲದ ಹಿಂದೆ ಸಿಕ್ತು, ಅಮ್ಮನ ಹಳೇ ಸೀರೇಲಿ ಸುತ್ತಿಟ್ಟಿದ್ಲು. ಸುಮ್ನೆ ನೋಡೋಣ ಅಂತ ಪಕ್ಕದ ಮನೆ ಅಜ್ಜನ ಹತ್ರ ಇರೋ ಹಳೇ ಡಬ್ಬಾ ಟೀವಿಗೆ ಹಾಕಿದೆ. ಆನ್ ಆಯ್ತು! ಡೇಟು ಟೈಮು ಸೆಟ್ ಮಾಡು ಅಂತು, ಮಾಡಿದೆ. ಆಮೇಲೆ ಆ ಕತ್ತಲಲ್ಲಿ ಕಂಬ ಕಂಬ ಕಂಬ ಕಾಣ್ಸುತ್ತಲ್ಲ, ಹೂಂ ಅಂತ ಒಂದು ಸೌಂಡ್ ಬರುತ್ತಲ್ಲ, ಅದು ಬಂದ ತಕ್ಷಣ ಮೈ ಜುಂ ಅಂತು ಮಾರಾಯ್ರೆ, ಮೂವತ್ತು ದಾಟಿದ ಗಂಡಸು ನಾನು, ನಾಚ್ಕೆ ಆಗ್ಬೇಕು.

ಸಮಸ್ಯೆ ಏನಂದ್ರೆ ಸಿಡಿ ಓದ್ತಿಲ್ಲ. ಹತ್ತು ಸಲ ಹಾಕಿದ್ರೆ ಒಂದು ಸಲ ಗೇಮ್ ಬರುತ್ತೆ, ಉಳಿದ ಒಂಬತ್ತು ಸಲ ಒಳಗೆ ಟಿಕ್ ಟಿಕ್ ಅಂತ ಹುಡುಕಾಡಿ ಕೆಂಪು ಸ್ಕ್ರೀನ್ ತೋರ್ಸಿ ಸುಮ್ಮನಾಗುತ್ತೆ. ಒಂದು ಸಲ ಬಂದಾಗ್ಲೂ ಟಾಸ್ ಆಗಿ ಎರಡನೇ ಓವರ್‌ಗೆ ನಿಂತೋಗುತ್ತೆ.

ಇದು ನಮ್ಮನೆಗೆ ಬಂದ ಕಥೆ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಹಳೇ ಡಬ್ಬಕ್ಕೆ ಇವನು ಯಾಕೆ ಇಷ್ಟು ಒದ್ದಾಡ್ತಾನೆ ಅಂತೀರ. ನಾನು ಆಗ ಎಂಟನೇ ಕ್ಲಾಸು, ಅಣ್ಣ ಎಸ್ಸೆಸ್ಸೆಲ್ಸಿ. ಸ್ಕೂಲ್ ಬಿಟ್ಮೇಲೆ ಇಬ್ರೂ ಗೇಮ್ ಪಾರ್ಲರ್‌ಗೆ ಹೋಗೋದು, ಟ್ಯೂಷನ್‌ಗೆ ಅಂತ ಸುಳ್ಳು ಹೇಳೋದು. ಅಮ್ಮಂಗೆ ಗೊತ್ತಾಯ್ತು. ಬೈತಾಳೆ ಅಂದ್ಕೊಂಡ್ರೆ ಬೈಲಿಲ್ಲ, ಗಂಟೆಗೆ ಎಷ್ಟು ಅಂತ ಕೇಳಿದ್ಲು, 20 ರೂಪಾಯಿ ಅಂದ್ವಿ, ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದ್ಲು. ಆ ಸಲ ಚೀಟಿ ಎತ್ತಿದ್ದು ಹೊಸ ಮಿಕ್ಸಿ, ಕುಕ್ಕರ್ ಅಂತ. ಆ ದುಡ್ಡು ಮತ್ತೆ ಅಪ್ಪನ ಬೋನಸ್ಸು ಸೇರಿಸಿ ಇದು ಬಂತು. "ಹಾಳಾಗೋದಾದ್ರೆ ನನ್ ಕಣ್ಮುಂದೆನೇ ಹಾಳಾಗಿ" ಅಂದ್ಲು, ಅಷ್ಟೆ. ಮಿಕ್ಸಿ ಬರೋಕೆ ಇನ್ನೊಂದ್ ವರ್ಷ ಆಯ್ತು, ಅಲ್ಲೀವರೆಗೂ ಚಟ್ನಿ ಒರಳಲ್ಲೇ.

ಆಮೇಲೆ ತಮಾಷೆ ಏನಂದ್ರೆ ಅದನ್ನ ಜಾಸ್ತಿ ಉಪಯೋಗಿಸಿದ್ದು ಅಮ್ಮನೇ ಅನ್ಸುತ್ತೆ. ಡಿವಿಡಿ ಓಡುತ್ತೆ ಅಂತ ಅಣ್ಣ ತೋರ್ಸಿಕೊಟ್ಟ. ಆಗ ತಾನೆ 34 ರೂಪಾಯಿಗೆ ಡಿವಿಡಿ ಬರೋಕೆ ಶುರುವಾಗಿತ್ತು, ನಾವು ಸ್ಕೂಲಿಗೆ ಹೋದ್ಮೇಲೆ ಮಧ್ಯಾಹ್ನ ರಾಜ್‌ಕುಮಾರ್ ಪಿಕ್ಚರ್. ವಿಸಿಡಿ ಓಡ್ತಿರ್ಲಿಲ್ಲ ಇದ್ರಲ್ಲಿ, ಅದಕ್ಕೆ ಅಂಗಡೀಲಿ ಕವರ್ ತಿರುಗಿಸಿ ತಿರುಗಿಸಿ ಡಿವಿಡಿ ಅಂತ ಬರ್ದಿದೆಯಾ ನೋಡಿ ತಗೊಳ್ತಿದ್ಲು.

ಈಗ ಪ್ರಶ್ನೆ. ಒಂದು ಅಂಗಡೀಲಿ ಕೇಳ್ದೆ, ಮುಟ್ಟಿನೂ ನೋಡ್ಲಿಲ್ಲ, "ಇದೆಲ್ಲ ಈಗ ಯಾರ್ ಸಾರ್ ಮಾಡ್ತಾರೆ" ಅಂದ್ರು. ಲೆನ್ಸ್ ಹಾಕ್ಸಿದ್ರೆ ಬದುಕುತ್ತಾ? ಎಷ್ಟಾಗುತ್ತೆ? ಇಲ್ಲ ಇದರ ಕಾಲ ಮುಗೀತು ಅಂತ ಶೋಕೇಸಲ್ಲಿ ಇಡ್ಲಾ?


ಸೋಲ್ಡರ್_ಸ್ವಾಮಿ

ಬದುಕುತ್ತೆ. ಗಾಬರಿ ಬೇಡ.

ಮೊದಲು ತಳದಲ್ಲಿರೋ ಸ್ಟಿಕ್ಕರ್ ನೋಡಿ ಮಾಡೆಲ್ ನಂಬರ್ ಹೇಳಿ, ಎಸ್‌ಸಿಪಿಎಚ್ ಅಂತ ಶುರುವಾಗುತ್ತೆ. 2007 ಅಂದ್ರೆ 77 ಸಾವಿರದ ಸೀರೀಸ್ ಇರ್ಬೇಕು, ಕರೆಂಟ್ ಅಡಾಪ್ಟರ್ ಹೊರಗಡೆ ಬೇರೆ ಇದ್ರೆ ಅದೇ. 90 ಸಾವಿರದ್ರಲ್ಲಿ ಪವರ್ ಸಪ್ಲೈ ಒಳಗೇ ಸೇರಿಸ್ಬಿಟ್ರು.

ಈ ಮೆಷಿನ್ ಬಗ್ಗೆ ಒಂದು ಮಾತು. ಬೋರ್ಡ್ ಸಾಯೋದು ಅಪರೂಪ, ಸಾಯೋದು ಲೆನ್ಸು. ಸಿಡಿಗೆ ಒಂದು ಲೇಸರು ಡಿವಿಡಿಗೆ ಒಂದು ಲೇಸರು ಇರುತ್ತೆ, ಅದಕ್ಕೇ ಕೆಲವರಿಗೆ ನೀಲಿ ತಳದ ಸಿಡಿ ಗೇಮ್ ಮಾತ್ರ ಓಡಲ್ಲ, ಡಿವಿಡಿ ಓಡುತ್ತೆ, ಕೆಲವರಿಗೆ ಉಲ್ಟಾ. ಡ್ಯುಯಲ್ ಲೇಯರ್, ಅಂದ್ರೆ ಎರಡು ಪದರದ ಡಿಸ್ಕ್ ಇದ್ರೆ ಅದು ಎಲ್ಲಕ್ಕಿಂತ ಮೊದಲು ಕೈ ಕೊಡುತ್ತೆ. ಗಾಡ್ ಆಫ್ ವಾರ್ ಗೇಮಿನ ಎರಡನೇದು ಅಂಥದ್ದು, ಹಾಕಿ ನೋಡಿ, ಅದು ಓಡಿದ್ರೆ ನಿಮ್ ಲೆನ್ಸ್ ಇನ್ನೂ ಗಟ್ಟಿ ಇದೆ ಅಂತ ಅರ್ಥ.

ಮೊದಲು ದುಡ್ಡಿಲ್ಲದ ಕೆಲಸ ಮಾಡಿ. ಮುಚ್ಚಳ ಎತ್ತಿದ್ರೆ ಲೆನ್ಸ್ ಕಣ್ಣಿಗೇ ಕಾಣುತ್ತೆ. ಕಿವಿಗೆ ಹಾಕೋ ಬಡ್ಸ್, ಐಪಿಎ ಅನ್ನೋ ಕ್ಲೀನ್ ಮಾಡೋ ಸ್ಪಿರಿಟ್ ಎರಡು ಹನಿ, ಮೆತ್ತಗೆ ಒರೆಸಿ, ಒತ್ತಬೇಡಿ, ಅದು ಸ್ಪ್ರಿಂಗ್ ಥರ ತೇಲ್ತಾ ಇರುತ್ತೆ. ಆಮೇಲೆ ಲೆನ್ಸ್ ಓಡಾಡೋ ಕಂಬಿ ಇದೆಯಲ್ಲ, ಅದರ ಮೇಲಿನ ಗ್ರೀಸ್ ಹದಿನೈದು ವರ್ಷಕ್ಕೆ ಒಣಗಿ ಅಂಟು ಥರ ಆಗಿರುತ್ತೆ. ಹಳೇದು ಪೂರ್ತಿ ಒರೆಸಿ, ಹೊಸದು ಚೂರೇ ಚೂರು. ಅರ್ಧ ಕೇಸು ಇಲ್ಲೇ ಸರಿ ಹೋಗುತ್ತೆ. ಆ ಟಿಕ್ ಟಿಕ್ ಸೌಂಡು ಕೇಳಿದ್ರೆ ನನಗೆ ಗ್ರೀಸ್ ಮೇಲೇ ಅನುಮಾನ.

ಆಗ್ಲಿಲ್ಲ ಅಂದ್ರೆ ಪೂರ್ತಿ ಲೆನ್ಸ್ ಬದಲಾಯಿಸಿ. ಸ್ಲಿಮ್‌ಗೆ ಪಿವಿಆರ್-802ಡಬ್ಲ್ಯೂ ಅನ್ನೋ ಪಾರ್ಟು, ಆನ್‌ಲೈನಲ್ಲಿ ಸಿಗುತ್ತೆ, ಎಸ್‌ಪಿ ರೋಡಲ್ಲಿ ಒಂದು ರೌಂಡ್ ಹಾಕಿ, ಅದೃಷ್ಟ ಇದ್ರೆ ಅಲ್ಲೂ ಸಿಗ್ಬಹುದು. ಒಂದು ವಿಷ್ಯ ಮರೀಬೇಡಿ, ಹೊಸ ಲೆನ್ಸ್ ಮೇಲೆ ಸಣ್ಣ ಸೀಸದ ಬೊಟ್ಟು ಇಟ್ಟಿರ್ತಾರೆ, ಸ್ಟ್ಯಾಟಿಕ್ ಕರೆಂಟ್ ಹೊಡೀದೆ ಇರ್ಲಿ ಅಂತ. ಹಾಕೋ ಮುಂಚೆ ಕಾಯಿಸಿ ಅದನ್ನ ತೆಗೀಬೇಕು. ತೆಗೀದೆ ಹಾಕಿ "ಡೂಪ್ಲಿಕೇಟ್ ಲೆನ್ಸ್ ಕಳ್ಸಿದಾರೆ" ಅಂತ ಬೈಯ್ಯೋರೇ ಜಾಸ್ತಿ.

ಇಷ್ಟೆಲ್ಲಕ್ಕಿಂತ ಮೊದಲು ಮೆಮೊರಿ ಕಾರ್ಡ್ ಬ್ಯಾಕಪ್ ಮಾಡ್ಕೊಳ್ಳಿ. ಲೆನ್ಸ್ ದುಡ್ಡು ಕೊಟ್ರೆ ಸಿಗುತ್ತೆ, 8 ಎಂಬಿ ಕಾರ್ಡಲ್ಲಿ ಸೇವ್ ಆಗಿರೋ ಹಳೇ ಆಟ ಸಿಗಲ್ಲ. ಫ್ರೀಎಂಸಿಬೂಟ್ ಅಂತ ಹೊರಗಿನ ಪ್ರೋಗ್ರಾಂ ಓಡ್ಸೋ ಸಾಫ್ಟ್‌ವೇರ್ ಇದೆ, ಅದು ಹಾಕಿರೋ ಇನ್ನೊಂದು ಕಾರ್ಡ್ ತಗೊಂಡು ಒಂದನೇ ಸ್ಲಾಟಿಗೆ ಹಾಕಿ, ನಿಮ್ ಹಳೇದು ಎರಡಕ್ಕೆ, ಯೂಲಾಂಚ್‌ಎಲ್ಫ್ ಅನ್ನೋ ಫೈಲ್ ಕಾಪಿ ಮಾಡೋ ಪ್ರೋಗ್ರಾಂ ಓಪನ್ ಮಾಡಿ ಪೆನ್‌ಡ್ರೈವ್‌ಗೆ ಕಾಪಿ. 90 ಸಾವಿರದ ಕೊನೇ ಬ್ಯಾಚ್‌ಗಳಲ್ಲಿ ಫ್ರೀಎಂಸಿಬೂಟ್ ನಡಿಯಲ್ಲ, ಅದಕ್ಕೆ ಓಪನ್‌ಟ್ಯೂನ ಅಂತ ಬೇರೆ ಇದೆ, ನಿಮಗೆ ಬೇಕಾಗಲ್ಲ.

ಇನ್ನೊಂದು. ನೀವು ಕಂಬ ಕಂಬ ಅಂದ್ರಲ್ಲ. ಅದು ಸುಮ್ನೆ ಡಿಸೈನ್ ಅಲ್ಲ, ಗೊತ್ತಾ? ನೀವು ಆಡಿರೋ ಒಂದೊಂದು ಗೇಮ್‌ಗೆ ಒಂದೊಂದು ಕಂಬ. ಜಾಸ್ತಿ ಸಲ ಹಾಕಿದ ಗೇಮ್ ಕಂಬ ಎತ್ತರ. ಮೆಮೊರಿ ಕಾರ್ಡಲ್ಲಿ ಒಂದು ಸಣ್ಣ ಹಿಸ್ಟರಿ ಫೈಲ್ ಇರುತ್ತೆ, 21 ಗೇಮ್‌ವರೆಗೆ ಬರ್ಕೊಳ್ಳುತ್ತೆ. ಹೊಸ ಕಾರ್ಡ್ ಹಾಕಿ ಆನ್ ಮಾಡಿ ನೋಡಿ, ಖಾಲಿ ಸೈಟ್ ಥರ ಇರುತ್ತೆ.


ಲಾಜಿಕ್_ಲೋಕಿ

ಎಲ್ರೂ ಬೇಜಾರ್ ಮಾಡ್ಕೋಬೇಡಿ, ಆದ್ರೆ ಯಾರಾದ್ರೂ ಒಬ್ರು ಹೇಳ್ಬೇಕಲ್ಲ. 2000ದ ಮಾರ್ಚ್‌ನಲ್ಲಿ ಜಪಾನಲ್ಲಿ ಬಂದ ಮೆಷಿನ್ ಇದು. 2013ರ ಜನವರಿ ಹೊತ್ತಿಗೆ ಸೋನಿಯವರು ತಯಾರಿಸೋದೇ ನಿಲ್ಲಿಸಿದ್ರು, 2018ಕ್ಕೆ ಜಪಾನಲ್ಲಿ ರಿಪೇರಿಗೂ ತಗೊಳ್ಳಲ್ಲ ಅಂದ್ರು. ಕಂಪ್ನಿಯವರೇ ತಿಥಿ ಮಾಡಿ ಮುಗಿಸಿದಾರೆ, ನೀವು ಇನ್ನೂ ಗ್ಲೂಕೋಸ್ ಏರಿಸ್ತಾ ಕೂತಿದೀರ.

ಪಿಸಿಎಸ್‌ಎಕ್ಸ್‌ಟೂ ಹಾಕ್ಕೊಳ್ಳಿ, ಕಂಪ್ಯೂಟರಲ್ಲೇ ಪಿಎಸ್‌ಟೂ ಗೇಮ್ ಓಡ್ಸೋ ಎಮ್ಯುಲೇಟರ್ ಅದು. ಮಾಮೂಲಿ ಲ್ಯಾಪ್‌ಟಾಪಲ್ಲಿ ನಾಲ್ಕು ಪಟ್ಟು ರೆಸಲ್ಯೂಷನ್ ಬರುತ್ತೆ, ಎಲ್ಲಿ ಬೇಕೋ ಅಲ್ಲಿ ಸೇವ್ ಮಾಡ್ಬಹುದು, ಲೆನ್ಸೂ ಇಲ್ಲ ಗ್ರೀಸೂ ಇಲ್ಲ. ಬಯೋಸ್, ಅಂದ್ರೆ ಮೆಷಿನ್ ಆನ್ ಮಾಡೋ ಒಳಗಿನ ಸಾಫ್ಟ್‌ವೇರ್, ಅದೊಂದು ನಿಮ್ಮ ಮೆಷಿನ್‌ನಿಂದಲೇ ತೆಗೆದ್ರೆ ಆಯ್ತು. ಹಳೇ ಸೇವ್ ಕೂಡ ಅದಕ್ಕೆ ಹಾಕ್ಬಹುದು. 300 ಮೆಗಾಹರ್ಟ್ಸ್‌ ಪ್ರೊಸೆಸರು, 32 ಎಂಬಿ ರ್‍ಯಾಮು, ಇವತ್ತು ನಿಮ್ಮ ಮನೆ ವಾಚಲ್ಲಿ ಇದಕ್ಕಿಂತ ಜಾಸ್ತಿ ಇದೆ. ಹಳೇದೆಲ್ಲ ಚಿನ್ನ ಅನ್ನೋದು ಬರೀ ಡವ್.


ಬೈಟೂ_ಕಾಫಿ

ಸ್ವಾಮಿಗಳೇ, 77 ಸಾವಿರದ್ದೇ, ಅಡಾಪ್ಟರ್ ಹೊರಗಿದೆ. ಆ ಕಂಬದ ವಿಷ್ಯ ನಿಜವಾಗ್ಲೂ ಗೊತ್ತಿರ್ಲಿಲ್ಲ, ಓದಿದ ತಕ್ಷಣ ಪಕ್ಕದ್ಮನೆಗೆ ಓಡಿದೆ, ಅಜ್ಜ ನ್ಯೂಸ್ ನೋಡ್ತಿದ್ರು, ಐದ್ ನಿಮಿಷ ಅಂತ ಕೇಳ್ಕೊಂಡು ಹಾಕ್ದೆ. ಎಣಿಸೋಕೆ ಆಗಲ್ಲ ಗುರೂ, ಕ್ಯಾಮೆರಾ ಸರ್ರ್ ಅಂತ ಹೋಗ್ಬಿಡುತ್ತೆ. ಮೊಬೈಲಲ್ಲಿ ವಿಡಿಯೋ ಮಾಡಿ ನಿಲ್ಲಿಸಿ ನಿಲ್ಲಿಸಿ ಎಣಿಸಿದೆ, ಹದಿನಾಲ್ಕೋ ಹದಿನೈದೋ ಇದೆ. ಒಂದಂತೂ ಎಂಜಿ ರೋಡಿನ ಯುಟಿಲಿಟಿ ಬಿಲ್ಡಿಂಗ್ ಥರ ಒಂಟಿಯಾಗಿ ಎದ್ದಿದೆ, ಅದು ಕ್ರಿಕೆಟ್ 07, ಅನುಮಾನನೇ ಇಲ್ಲ.

ಲೋಕಿ ಅವ್ರೆ, ನೀವು ಹೇಳೋದು ಸರಿ ಇರ್ಬಹುದು, ಆದ್ರೆ ಲ್ಯಾಪ್‌ಟಾಪಲ್ಲಿ ಆಡೋಕೆ ನನಗೆ ಮನಸ್ಸೇ ಇಲ್ಲ. ದಿನಾ ಹತ್ತು ಗಂಟೆ ಅದೇ ಲ್ಯಾಪ್‌ಟಾಪಲ್ಲಿ ಆಫೀಸ್ ಕೆಲಸ. ಆಟಾನೂ ಅಲ್ಲೇ ಆಡಿದ್ರೆ ಮಧ್ಯದಲ್ಲಿ ಮ್ಯಾನೇಜರ್ ಮೆಸೇಜ್ ಬಂದು ಕೂತ್ಕೊಳ್ಳುತ್ತೆ.


ಕೌಂಟರ್_ಪುಟ್ಟ

ಆಹಾ ಒಳ್ಳೇ ಥ್ರೆಡ್ಡು. ನಾನು 2005ರಿಂದ 2009ರವರೆಗೆ ವಿಜಯನಗರದಲ್ಲಿ ಒಂದು ಪಾರ್ಲರ್ ಕೌಂಟರಲ್ಲಿ ಕೂತಿದ್ದವನು, ಡಿಗ್ರಿ ಓದ್ತಾ ಓದ್ತಾ ಸಂಜೆ ಕೆಲಸ. ಆರು ಪಿಎಸ್‌ಟೂ, ಆರು 21 ಇಂಚಿನ ಟೀವಿ, ಒಂದೇ ಒಂದು ಫ್ಯಾನು. ನಿಮ್ಮಂಥ ಅಣ್ಣತಮ್ಮಂದಿರನ್ನ ದಿನಾ ನೋಡ್ತಿದ್ದೆ. ಗಂಟೆಗೆ 20, ಅರ್ಧ ಗಂಟೆಗೆ 10, ಇಬ್ರು ಆಡಿದ್ರೆ ಗಂಟೆಗೆ 30. ಜೇಬಲ್ಲಿ ಏಳು ರೂಪಾಯಿ ಇಟ್ಕೊಂಡು ಬಂದು "ಅಣ್ಣಾ ಏಳಕ್ಕೆ ಎಷ್ಟು ನಿಮಿಷ" ಅಂತ ಕೇಳೋರು, ಅರ್ಧ ಗಂಟೆ ಕೊಡ್ತಿದ್ದೆ, ಓನರ್‌ಗೆ ಹೇಳ್ತಿರ್ಲಿಲ್ಲ.

ಕಂಟ್ರೋಲರ್ ಅಂತ ಒಬ್ಬನೂ ಅಂತಿರ್ಲಿಲ್ಲ, ರಿಮೋಟು. "ಅಣ್ಣಾ ಈ ರಿಮೋಟು ತಾನೇ ನಡೀತಿದೆ" ಅಂದ್ರೆ ಅನಲಾಗ್ ಸ್ಟಿಕ್ ಲೂಸ್ ಆಗಿದೆ ಅಂತ. ಕುಸ್ತಿ ಗೇಮ್ ಹಾಕ್ದಾಗ ರಿಮೋಟ್ ಸತ್ತೇ ಹೋಗ್ತಿತ್ತು, ಹಿಯರ್ ಕಮ್ಸ್ ದ ಪೇನ್ ಬಂದಿದ್ದು 2003ರಲ್ಲಿ, ನಾನು ಕೆಲಸ ಬಿಡೋವರೆಗೂ ಅದನ್ನ ಕೇಳೋರು ಕಮ್ಮಿ ಆಗ್ಲಿಲ್ಲ. ಹುಡುಗರು ಟೀವಿ ಒಳಗಿನ ರಿಂಗಲ್ಲಿ ಹೊಡೆದಾಡಿ ಸಾಲದೆ ಬೆಂಚ್ ಮೇಲೂ ಹೊಡೆದಾಡೋರು.

ಸ್ವಾಮಿ ಹೇಳಿದ್ದು ನೂರಕ್ಕೆ ನೂರು, ಸಾಯೋದು ಲೆನ್ಸೇ. ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಒಂಬತ್ತರವರೆಗೂ ಮೆಷಿನ್ ಆಫ್ ಆಗ್ತಿರ್ಲಿಲ್ಲ. ನಮ್ಮ ಹತ್ರ ಇದ್ದಿದ್ದು ಟ್ರೇ ಹೊರಗೆ ಬರೋ ದಪ್ಪ ಮಾಡೆಲ್ಲು. ಅದ್ರಲ್ಲಿ ಲೆನ್ಸ್ ಪಕ್ಕ ಒಂದು ಬಿಳೀ ಹಲ್ಲಿನ ಚಕ್ರ ಇರುತ್ತೆ, ಲೆನ್ಸ್ ಎತ್ತರ ಅಡ್ಜಸ್ಟ್ ಮಾಡೋಕೆ. ಮೊದಲು ಎಲ್ಲಿತ್ತೋ ಅಲ್ಲಿ ಪೆನ್ನಲ್ಲಿ ಗುರುತು ಹಾಕಿ, ಒಂದೊಂದೇ ಹಲ್ಲು ತಿರುಗಿಸಿ ಮತ್ತೆ ಡಿಸ್ಕ್ ಹಾಕಿ ನೋಡೋದು. ಗುರುತು ಹಾಕದೆ ತಿರುಗಿಸಿದ್ರೆ ಕಥೆ ಮುಗೀತು. ನಮ್ ಓನರ್ ಹಂಗೆ ತಿರುಗಿಸಿ ಎರಡು ಕೊಂದಿದಾರೆ. ಆಮೇಲೆ ಮೂರು ಕೆಟ್ಟ ಮೆಷಿನ್ ಸೇರಿಸಿ ಒಂದು ಒಳ್ಳೇದು ಮಾಡೋದು, ಅದು ನಮ್ ಭಾನುವಾರದ ಕೆಲಸ.

ಲೋಕಿ ಸಾರ್ ತಿಥಿ ಅಂದ್ರಲ್ಲ, ಒಂದು ತಿದ್ದುಪಡಿ. 2013ರ ಜನವರೀಲಿ ಫ್ಯಾಕ್ಟರಿ ಬಂದ್ ಆಯ್ತು ಸರಿ, ಆದ್ರೆ ಅದೇ ವರ್ಷ ಸೆಪ್ಟೆಂಬರಲ್ಲಿ ಫೀಫಾ 14 ಅನ್ನೋ ಫುಟ್‌ಬಾಲ್ ಗೇಮು ಪಿಎಸ್‌ಟೂಗೂ ಬಂತು. ಪಿಎಸ್‌ಫೋರೇ ಬರೋಕೆ ಎರಡು ತಿಂಗಳೂ ಇರ್ಲಿಲ್ಲ ಅಂದ್ರೆ ನೋಡಿ. ತಿಥಿ ಊಟಕ್ಕೆ ಸತ್ತೋನೇ ಎದ್ದು ಬಂದು ಪಂಕ್ತೀಲಿ ಕೂತ ಹಂಗೆ. ಪ್ರಪಂಚದಲ್ಲಿ 16 ಕೋಟಿ ಮಾರಾಟ ಆಗಿದೆ ಇದು, ನಮ್ ರಾಜ್ಯದ ಜನಸಂಖ್ಯೆ ಎರಡು ಸಲ ಹಾಕಿದ್ರೂ ಇನ್ನೂ ಮಿಕ್ಕುತ್ತೆ.

ಹಂಗೇ ನೆನಪಾಯ್ತು, 2009ರಲ್ಲಿ ಹನುಮಾನ್ ಬಾಯ್ ವಾರಿಯರ್ ಅಂತ ಒಂದು ಬಂತು, ಹೈದರಾಬಾದಿನವರು ಮಾಡಿದ್ದು, ಪೂರ್ತಿ ಇಂಡಿಯಾದಲ್ಲೇ ತಯಾರಾದ ಮೊದಲ ಪಿಎಸ್‌ಟೂ ಗೇಮು. ಓನರ್ ಬಹಳ ಭಕ್ತಿಯಿಂದ ತಂದು ಪೂಜೆ ಮಾಡ್ಸಿ ಹಾಕಿದ್ರು. ಹುಡುಗರು ಎರಡು ದಿನ ಆಡಿ ವಾಪಸ್ ಕುಸ್ತಿಗೆ ಹೋದ್ರು. ಆದ್ರೂ ಆ ಎರಡು ದಿನ ಚಪ್ಪಲಿ ಹೊರಗೆ ಬಿಟ್ಟು ಆಡಿದ್ರು ಕಣ್ರೀ, ಯಾರೂ ಹೇಳಿರ್ಲಿಲ್ಲ.

ಪಾರ್ಲರ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಅಂಗಡಿ. ನಿಮ್ಮ ಲೆನ್ಸ್ ಹಾಕ್ಸಿ ಗುರೂ, ಯೋಚ್ನೆ ಮಾಡ್ಬೇಡಿ.


ಮಸಾಲೆ_ಮಂಡಕ್ಕಿ

ಬರೀ ಹುಡುಗರೇ ಮಾತಾಡ್ತಿದೀರ ಅಂತ ಬಂದೆ. ಬಸವೇಶ್ವರನಗರದ ನಮ್ಮನೇಲೂ ಇತ್ತು, ಅಣ್ಣಂದು ಅಂತ ಹೆಸರಿಗೆ. ನಾನು ಆಡ್ತಿದ್ದಿದ್ದು ಕಮ್ಮಿ, ನನ್ನ ಡ್ಯೂಟಿ ಚೀಟ್ ಕೋಡ್ ಬರ್ಕೊಳ್ಳೋದು. ಜಿಟಿಎ ಸ್ಯಾನ್ ಆಂಡ್ರಿಯಾಸ್ ಅಂತ ಗೇಮ್ ಇತ್ತಲ್ಲ, ಅದರದ್ದು, ಇಂತಿಂಥ ಬಟನ್ ಸಾಲಾಗಿ ಒತ್ತಿದ್ರೆ ಆಟದಲ್ಲಿ ದುಡ್ಡು ಗಿಡ್ಡು ಬರುತ್ತಲ್ಲ, ಅದು. ಅಣ್ಣ ಸೈಬರ್ ಕೆಫೇಲಿ ಗಂಟೆಗೆ ದುಡ್ಡು ಕೊಟ್ಟು ನೋಡಿ ಬಂದು ಹೇಳೋನು, ನಾನು ಸಮಾಜ ನೋಟ್ಸ್ ಹಿಂದಿನ ಪುಟದಲ್ಲಿ ಬರೀತಿದ್ದೆ, ಬಾಣದ ಗುರುತು ಹಾಕಿ. ಆಮೇಲೆ ಅವನು ಆಡ್ಬೇಕಾದ್ರೆ ಪೊಲೀಸ್ ಅಟ್ಟಿಸ್ಕೊಂಡು ಬಂದಾಗ ನಾನು ಪಕ್ಕದಲ್ಲಿ ಕೂತು ಜೋರಾಗಿ ಓದ್ಬೇಕು. ಆರ್‌ಒನ್ ಆರ್‌ಟೂ ಎಲ್‌ಒನ್ ಎಕ್ಸ್, ಎಡ ಕೆಳಗೆ ಬಲ ಮೇಲೆ, ಎಡ ಕೆಳಗೆ ಬಲ ಮೇಲೆ. ಅದು ಹೆಲ್ತ್ ಮತ್ತೆ ದುಡ್ಡಿಂದು. ನಮ್ಮಜ್ಜಿ ಒಳಗಿಂದ ಕೇಳಿಸ್ಕೊಂಡು ಕೋಲಾಟ ಪ್ರಾಕ್ಟೀಸ್ ಅಂದ್ಕೊಂಡಿದ್ರು, ಸುಳ್ಳಲ್ಲ. ಈಗ್ಲೂ ಬೆರಳು ತಾನೇ ಮಾಡುತ್ತೆ. ನನ್ನ ಯುಪಿಐ ಪಿನ್ ಎರಡು ಸಲ ಮರ್ತಿದೀನಿ, ಇದು ಮರ್ತಿಲ್ಲ.

ಟೆಕ್ಕನ್ ಫೈವ್‌ನಲ್ಲಿ ಮಾತ್ರ ನಾನು ಅಣ್ಣನ್ನ ಹೊಡೀತಿದ್ದೆ, ಅದು ಹೊಡೆದಾಡೋ ಗೇಮು, ಕ್ರಿಸ್ಟಿ ಅನ್ನೋ ಪಾತ್ರ ತಗೊಂಡು ಎಲ್ಲಾ ಬಟನ್ನೂ ಒಟ್ಟಿಗೆ ಒತ್ತೋದು. ಅವನು ಅದನ್ನ ಮೋಸ ಅಂತಾನೆ, ಇವತ್ತಿಗೂ ಹಬ್ಬಕ್ಕೆ ಬಂದ್ರೆ ಅಂತಾನೆ.

ನಮ್ಮದು ಈಗಿಲ್ಲ. ಮನೆ ಶಿಫ್ಟ್ ಮಾಡ್ಬೇಕಾದ್ರೆ ಗುಜರಿಯವನಿಗೆ ಹೋಯ್ತು, ಹಳೇ ಪೇಪರ್ ಜೊತೆ ತೂಕಕ್ಕೆ. ಕಾರ್ಡೂ ಅದಕ್ಕೇ ಚುಚ್ಚಿತ್ತು. ಕಂಬದ ವಿಷ್ಯ ಇವತ್ತು ಓದಿದ್ಮೇಲೆ ಹೊಟ್ಟೆ ಉರೀತಿದೆ.

ಬೈಟೂ, ಒಂದ್ ಮಾತು ಕೇಳ್ಲಾ. ನೀವೇ ಬರ್ದಿದೀರ, ಜಾಸ್ತಿ ಉಪಯೋಗಿಸಿದ್ದು ಅಮ್ಮ ಅಂತ, ದಿನಾ ಮಧ್ಯಾಹ್ನ ಪಿಕ್ಚರ್ ಅಂತ. ಪಿಕ್ಚರ್ ಡಿವಿಡಿಗೆ ಕಂಬ ಬರುತ್ತಾ? ಇಲ್ಲ ಗೇಮಿಗೆ ಮಾತ್ರನಾ? ಸ್ವಾಮಿ ಸಾರ್ ಹೇಳ್ಬೇಕು.


ಸೋಲ್ಡರ್_ಸ್ವಾಮಿ

ಗೇಮಿಗೆ ಮಾತ್ರ ಮೇಡಂ. ಗೇಮ್ ಡಿಸ್ಕಿಗೆ ಒಂದು ಟೈಟಲ್ ನಂಬರ್ ಇರುತ್ತೆ, ಅದನ್ನ ಬರ್ಕೊಳ್ಳೋದು. ಸಿನಿಮಾ ಡಿವಿಡಿಗೆ ಅಂಥದ್ದು ಇಲ್ಲ, ಎಷ್ಟು ಸಾವಿರ ಗಂಟೆ ಓಡ್ಸಿದ್ರೂ ಲೆಕ್ಕಕ್ಕಿಲ್ಲ.

ಲೆನ್ಸ್ ಸವೆಯೋದು ಮಾತ್ರ ಎರಡಕ್ಕೂ ಸವೆಯುತ್ತೆ.


ಪೇಢೆ_ಪ್ರಿಯ

ನಾ ಧಾರವಾಡದಾಂವ, ಈಗ ಬಿಟಿಎಮ್‌ನ್ಯಾಗ ಪಿಜಿ ಒಳಗ ಅದೀನಿ. ಅಣ್ಣಾರ, ರಿಪೇರಿ ತ್ರಾಸ ಅನ್ನಿಸಿದ್ರ ನಂಗ ಕೊಟ್ಟಬಿಡ್ರಿ, ಹೇಳಿದ ರೊಕ್ಕ ಕೊಡ್ತೀನಿ. ನಮ್ಮ ಕಾಕಾನ ಮನ್ಯಾಗ ಒಂದ ಇತ್ತು, ಸೂಟಿಗೆ ಹೋದಾಗ ಅಷ್ಟ ಆಡಾಕ ಸಿಗ್ತಿತ್ತು. ಒಂದ ಸರೆ ಟೆಸ್ಟ್ ಮ್ಯಾಚ್ ನಾಕನೇ ದಿನಕ್ಕ ಬಂದಿತ್ತು, 280 ಹೊಡದಿದ್ದೆ, ಸೇವ್ ಅಂತ ಒತ್ತಿದ್ದೆ, ಕರೆಂಟ್ ಹೋತು. ಕಾರ್ಡ್ ತಗೀಬ್ಯಾಡ್ರಿ ಅಂತ ಬರತೈತಲ್ಲ, ಅದ ಹೊತ್ತಿಗೆ. ಅವತ್ತ ಉಂಡಿದ್ದಿಲ್ಲ ನಾನು.


ಲಾಜಿಕ್_ಲೋಕಿ

ಪುಟ್ಟ ಅವ್ರ ತಿದ್ದುಪಡಿ ಒಪ್ಕೊಂಡೆ. ಫೀಫಾ 14 ನನಗೂ ಮರ್ತೋಗಿತ್ತು.

ಆದ್ರೂ ಎಮ್ಯುಲೇಟರ್ ವಿಷ್ಯದಲ್ಲಿ ನನ್ ಮಾತು ವಾಪಸ್ ತಗೊಳ್ಳಲ್ಲ, ಇವತ್ತಲ್ಲ ನಾಳೆ ಎಲ್ಲಾ ಲೆನ್ಸೂ ಹೋಗುತ್ತೆ, ಹೊಸ ಲೆನ್ಸ್ ಮಾಡೋರೂ ನಿಲ್ಲಿಸ್ತಾರೆ, ಆಗ ಉಳಿಯೋದು ಅದೇ. ಒಂದು ಉಪಯೋಗಕ್ಕೆ ಬರೋ ಮಾತು ಹೇಳ್ತೀನಿ, ದೊಡ್ಡ ಎಲ್‌ಇಡಿ ಟೀವಿಗೆ ಸೀದಾ ಹಾಕ್ಬೇಡಿ. ಹಳದಿ ಪಿನ್ ಕೇಬಲ್ಲಲ್ಲಿ 50 ಇಂಚಿನ ಮೇಲೆ ಮುಖ ಎಲ್ಲಾ ಉಪ್ಪಿಟ್ಟು ಥರ ಕಾಣುತ್ತೆ, ಬಟನ್ ಒತ್ತಿ ಒಂದು ಕ್ಷಣ ಆದ್ಮೇಲೆ ಬ್ಯಾಟ್ ಬೀಸುತ್ತೆ. ಕೆಂಪು, ಹಸಿರು, ನೀಲಿ ವಿಡಿಯೋ ಪಿನ್ ಇರೋ ಕಾಂಪೊನೆಂಟ್ ಕೇಬಲ್ ಹುಡುಕಿ, ಇಲ್ಲಾಂದ್ರೆ ಆ ಅಜ್ಜನ ಟೀವಿನೇ ಕಾಪಾಡ್ಕೊಳ್ಳಿ. ಅದು ಡಬ್ಬಾ ಟೀವಿಗೆ ಅಂತಲೇ ಮಾಡಿದ ಚಿತ್ರ, ಅಲ್ಲೇ ಚೆಂದ. ಇಷ್ಟು ನಾನೂ ಒಪ್ತೀನಿ.


ಬೈಟೂ_ಕಾಫಿ

ಹತ್ತು ದಿನ ಆಯ್ತು, ಅಪ್‌ಡೇಟ್ ಕೊಡೋಣ ಅಂತ ಬಂದೆ. ಎಲ್ರಿಗೂ ಥ್ಯಾಂಕ್ಸ್.

ಮೊದಲು ಕಾರ್ಡ್ ಬ್ಯಾಕಪ್ ಮಾಡ್ದೆ. ಸ್ವಾಮಿ ಹೇಳಿದ ಹಾಗೇ ಇನ್ನೊಂದು ಕಾರ್ಡ್ ತರ್ಸಿ. ಕಾಪಿ ಆಗೋಕೆ ಹೊತ್ತು ಹಿಡೀತು, ಆ ಹೊತ್ತಲ್ಲಿ ಕರೆಂಟ್ ಹೋಗ್ಬಾರ್ದು ಅಂತ ಯುಪಿಎಸ್ ಇರೋ ರೂಮಿಗೆ ಟೀವಿ ಸಮೇತ ಸಾಗಿಸಿದ್ದೆ, ಧಾರವಾಡದ ಅಣ್ಣ ಹೇಳಿದ್ದು ಓದಿ ಹೆದ್ರಿಕೆ ಆಗಿತ್ತು. ಕ್ರಿಕೆಟ್ 07 ಸೇವ್ ಎಲ್ಲಾ ಹಾಗೇ ಇದೆ. ಅದ್ರಲ್ಲಿ ಇಂಡಿಯಾ ಟೀಮಿಗೆ ಲೈಸೆನ್ಸ್ ಇಲ್ದೆ ಅಡ್ಡಾದಿಡ್ಡಿ ಹೆಸರು ಇರ್ತಿತ್ತು ನೆನಪಿದ್ಯಾ, ಒಂದು ದಸರಾ ರಜ ಪೂರ್ತಿ ಕೂತು ಒಂದೊಂದೇ ಅಕ್ಷರ ಒತ್ತಿ ಅಣ್ಣ ಎಲ್ಲಾ ಹೆಸರು ಸರಿ ಮಾಡಿದ್ದ. ಹನ್ನೊಂದನೇ ನಂಬರ್ ಮಾತ್ರ ನನ್ ಹೆಸರು, ಅದೂ ಸ್ಪೆಲಿಂಗ್ ತಪ್ಪು. ಬೇಕೂಂತಾನೇ ಮಾಡಿದ್ದ, ಫೋಟೋ ಕಳ್ಸಿದೆ, ಪುಣೆಯಿಂದ ನಗೋ ಗೊಂಬೆ ಹತ್ತು ಕಳ್ಸಿದಾನೆ. ಈ ಗೇಮ್ ಮಾಡಿದ್ದು ಕೆನಡಾದ ಕಂಪ್ನಿ ಅಂತೆ, ನೋವಾ ಸ್ಕೋಷಿಯಾದ ಎಚ್‌ಬಿ ಸ್ಟುಡಿಯೋಸ್. ಮಂಜು ಬೀಳೋ ಊರಲ್ಲಿ ಕೂತು ಮಾಡಿದ್ದನ್ನ ನಾವು ಶ್ರೀನಗರದಲ್ಲಿ ಸೆಕೇಲಿ ಬನೀನ್ ಹಾಕ್ಕೊಂಡು ಆಡಿದೀವಿ.

ಆಮೇಲೆ ಲೆನ್ಸು. ಒರೆಸಿ ಗ್ರೀಸ್ ಹಾಕಿದ್ಮೇಲೆ ಎರಡು ದಿನ ಚೆನ್ನಾಗಿ ಓಡ್ತು, ಮೂರನೇ ದಿನ ಮತ್ತೆ ಕೆಂಪು. ಸರಿ ಅಂತ ಹೊಸ ಲೆನ್ಸ್ ತರ್ಸಿದೆ, ಸಾಗಾಟ ಎಲ್ಲಾ ಸೇರಿ ಸಾವಿರದ ಆಸುಪಾಸಲ್ಲಿ ಆಯ್ತು. ಸೀಸದ ಬೊಟ್ಟು ತೆಗೆಯೋಕೆ ನನ್ ಹತ್ರ ಕಾಯಿಸೋ ಕಡ್ಡಿ ಇರ್ಲಿಲ್ಲ, ಗಲ್ಲಿ ಕೊನೇಲಿ ಮಿಕ್ಸಿ ರಿಪೇರಿ ಮಾಡೋರ ಹತ್ರ ಹೋದೆ, ಅವರು ಹತ್ತು ಸೆಕೆಂಡಲ್ಲಿ ತೆಗೆದು ದುಡ್ಡೂ ತಗೊಳ್ಳಲಿಲ್ಲ. ಚೀಟಿ ದುಡ್ಡಲ್ಲಿ ತಪ್ಪಿಹೋದ ಮಿಕ್ಸಿ ನೆನಪಾಗಿ ಒಬ್ಬನೇ ನಕ್ಕೆ, ಅವರು ಯಾಕೆ ಅಂತ ನೋಡಿದ್ರು.

ಮಂಡಕ್ಕಿ ಅವ್ರೆ, ನಿಮ್ ಪ್ರಶ್ನೆ ನನ್ನ ತಲೇಲಿ ಕೂತ್ಬಿಟ್ಟಿತ್ತು. ಕಾರ್ಡಲ್ಲಿ ನಂದು ಅಣ್ಣಂದು ಸೇರಿ ಹದಿನೈದು ಕಂಬ ಇದೆ. ದುಡ್ಡು ಹಾಕಿ ತಂದು, ಮಧ್ಯಾಹ್ನ ಎಲ್ಲಾ ಕೂತು ನೋಡಿದೋಳ ಹೆಸರಲ್ಲಿ ಒಂದೂ ಇಲ್ಲ. ಅದಕ್ಕೆ ಲೆನ್ಸ್ ಹಾಕಿದ್ಮೇಲೆ ಮೊದಲು ಗೇಮ್ ಹಾಕ್ಲಿಲ್ಲ. ಅಟ್ಟದಲ್ಲೇ ಸಿಕ್ಕಿದ್ದ ಅಮ್ಮನ ಡಿವಿಡಿ ಕಟ್ಟಿಂದ ಮೇಲಿದ್ದಿದ್ದು ಒಂದು ತೆಗೆದು ಹಾಕಿ ಅಮ್ಮನ್ನ ಕರ್ದೆ. ಕೈ ಒರೆಸ್ಕೊಂಡು ಬಂದ್ಲು. ನೋಡಿದ್ಲು. "ಇದು ಮೊಬೈಲಲ್ಲೇ ಬರುತ್ತಲ್ಲೋ, ಇದಕ್ಕೆ ಸಾವಿರ ರೂಪಾಯಿ ಹಾಕಿದ್ಯಾ?" ಅಂದ್ಲು. ನಾನು ರಿಮೋಟ್ ಹಿಡ್ಕೊಂಡು ಹಾಡು ಮುಂದಕ್ಕೆ ಹಾಕೋಕೆ ಯಾವ್ಯಾವುದೋ ಬಟನ್ ಒತ್ತಿ ಪರದಾಡ್ತಿದ್ದೆ, ಮರ್ತೇ ಹೋಗಿತ್ತು. "ಕೊಡಿಲ್ಲಿ" ಅಂತ ಕಿತ್ಕೊಂಡು ನೋಡ್ದೇನೇ ಆರ್‌ಒನ್ ಒತ್ತಿದ್ಲು. ಮೂರು ಹಾಡು ನೋಡಿ, ಒಲೆ ಮೇಲೆ ಸಾರು ಇದೆ ಅಂತ ಎದ್ದು ಹೋದ್ಲು.

ಈಗ ಸಿಡಿ ಡಿವಿಡಿ ಎರಡೂ ಓಡ್ತಿದೆ. ಗಾಡ್ ಆಫ್ ವಾರ್ ಎರಡನೇದೂ ಓಡ್ತು ಸ್ವಾಮಿ.


ಸೋಲ್ಡರ್_ಸ್ವಾಮಿ

ಡ್ಯುಯಲ್ ಲೇಯರ್ ಓಡ್ತು ಅಂದ್ರೆ ಇನ್ನು ನಾಲ್ಕೈದು ವರ್ಷ ಚಿಂತೆ ಇಲ್ಲ. ಬಳಸದೆ ಇದ್ದಾಗ ಮುಚ್ಚಳದ ಮೇಲೆ ಬಟ್ಟೆ ಹಾಕಿ, ನಮ್ಮೂರ ಧೂಳು ಗೊತ್ತಲ್ಲ. ಹಳೇ ಲೆನ್ಸ್ ಬಿಸಾಕ್ಬೇಡಿ.


ಪೇಢೆ_ಪ್ರಿಯ

ಹಂಗಾರ ಮಾರೂದಿಲ್ಲೇನ್ರಿ?


ಬೈಟೂ_ಕಾಫಿ

ಇಲ್ಲ ಅಣ್ಣ. ಭಾನುವಾರ ಬನ್ನಿ, ನಾಲ್ಕನೇ ದಿನದಿಂದ ಮುಂದುವರಿಸೋಣ. ಎರಡನೇ ರಿಮೋಟಲ್ಲಿ ಮಾತ್ರ ಸ್ಕ್ವೇರ್ ಬಟನ್ ಸ್ವಲ್ಪ ಗಟ್ಟಿಯಾಗಿ ಒತ್ಬೇಕು.